ಹೆಸರಘಟ್ಟ: ಬತ್ತಿದ ಕೆರೆಯ ಪಾಠ

ಮಲ್ಲೇಶ್ವರದ ಜ್ಯುವೆಲ್ ಫಿಲ್ಟರ್ಸ್ ಜಲಶುದ್ಧೀಕರಣ ಕೇಂದ್ರದ ಹೆಸರನ್ನು ನೀವು ಕೇಳಿರಬಹುದು. ಅಲ್ಲಿಗೆ ನೀರು ಎಲ್ಲಿಂದ ಬರುತ್ತಿತ್ತು ಗೊತ್ತೆ? ನಗರದ ವಾಯವ್ಯಕ್ಕೆ ಸುಮಾರು 18 ಕಿ.ಮೀ. ದೂರದಲ್ಲಿ, ಯಲಹಂಕದ ಕಡೆಯಿರುವ ಹೆಸರಘಟ್ಟ ಕೆರೆಯಿಂದ.

ಅದಕ್ಕೂ ಮೊದಲು ಬೆಂಗಳೂರಿಗರು ಧರ್ಮಾಂಬುಧಿ, ಸಂಪಂಗಿ, ಹಲಸೂರು, ಸ್ಯಾಂಕಿ ಕೆರೆಗಳ ಸೋಸದ ನೀರನ್ನೂ ಬಾವಿ, ಕಲ್ಯಾಣಿಗಳನ್ನೂ ನೆಚ್ಚಿದ್ದರು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ತಡೆದು ಚಾಮರಾಜೇಂದ್ರ ಜಲಕಾಮಗಾರಿಯನ್ನು ರೂಪಿಸಲಾಯಿತು. ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಗುರುತ್ವಬಲದಿಂದಲೇ ಸೋಲದೇವನಹಳ್ಳಿಗೆ ಹರಿಯುತ್ತಿತ್ತು. ಅಲ್ಲಿಂದ ಅದನ್ನು ಎತ್ತರಕ್ಕೆ ಪಂಪು ಮಾಡಿದರೆ ಮತ್ತೆ ಇಳಿಜಾರಿನಲ್ಲಿ ಮಲ್ಲೇಶ್ವರ ಸೇರುತ್ತಿತ್ತು.

1925–26ರಲ್ಲಿ ಮುಂಗಾರು ಕೈಕೊಟ್ಟು ಕೆರೆ ಬತ್ತಿತು. ಪರಿಹಾರವಾಗಿ 1933ರಲ್ಲಿ ಇದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯ ಬಂತು. 1974ರಲ್ಲಿ ಕಾವೇರಿ ಬಂದಳು. ಈ ಅನುಕೂಲಕ್ಕೆ ನಾವು ತೆರುವ ಬೆಲೆಯನ್ನು ಲೆಕ್ಕ ಹಾಕಿ ನೋಡಿ. ಕಾವೇರಿ ನೀರನ್ನು ಸುಮಾರು 500 ಮೀಟರ್ ಮೇಲೆತ್ತಬೇಕು. ಒಂದು ಸಾವಿರ ಲೀಟರಿಗೆ ಬೇಕಾದ ಶಕ್ತಿ 1000 × 9.8 × 500, ಅಂದರೆ 49 ಲಕ್ಷ ಜೂಲ್, ಸುಮಾರು 1.36 ಯೂನಿಟ್ ವಿದ್ಯುತ್. ಘರ್ಷಣೆ ಮತ್ತು ಪಂಪುಗಳ ನಷ್ಟ ಇದಕ್ಕೆ ಹೊರತು.

ಕುಡಿಯುವ ನೀರಿಗೆ ಬೇರೆ ಆಸರೆ ಸಿಕ್ಕ ಮೇಲೆ ಹೆಸರಘಟ್ಟ ಜನರಿಗೆ ಹೆಚ್ಚಾಗಿ ವಿಹಾರದ ತಾಣವಾಯಿತು. ಏರಿಯ ಮೇಲಿನ ತಂಗಾಳಿ, ನೀರಹಕ್ಕಿಗಳು, ಪಕ್ಕದ ಹುಲ್ಲುಗಾವಲು ಇವೆಲ್ಲ ಜನರನ್ನು ಸೆಳೆದವು. ಆದರೆ ಕೆರೆ ಮತ್ತೆ ವರ್ಷಗಟ್ಟಲೆ ಬತ್ತಿತು. ಒಣಗಿದ ಅಂಗಳದಲ್ಲಿ ವಾಹನ ಓಡಿಸುವುದೇ ಕೆಲವರ ಮನರಂಜನೆಯಾಯಿತು.

ಈ ಸಲ ಮಳೆಯನ್ನು ಮಾತ್ರ ದೂರುವಂತಿಲ್ಲ. ಅರ್ಕಾವತಿ ಸೀಮೆಯ ವಾರ್ಷಿಕ ಮಳೆ ಗಣನೀಯವಾಗಿ ಇಳಿದಿಲ್ಲವೆಂದು ಅಧ್ಯಯನಗಳು ತಿಳಿಸಿವೆ. ಹಿಂದೆ ಅಂತರ್ಜಲ ಮೇಲ್ಮಟ್ಟದಲ್ಲಿದ್ದು ಹಳ್ಳಗಳಿಗೆ ಒಸರುತ್ತಿತ್ತು. ಕೊಳವೆಬಾವಿಗಳೂ ನೀಲಗಿರಿ ತೋಪುಗಳೂ ಅದನ್ನು ಹೀರಿದ ಮೇಲೆ ಆ ಒಸರು ನಿಂತಿತು. ಬಿದ್ದ ಮಳೆಯ ಬಹುಪಾಲನ್ನು ಒಣನೆಲವೇ ಕುಡಿದುಬಿಡುತ್ತದೆ, ಕೆರೆಗೆ ಹರಿದು ಬರುವುದು ಅಲ್ಪ. 2022ರ ಭಾರೀ ಮಳೆಗೆ ನೀರು ಮತ್ತೆ ಬಂತು, ನಿಜ. ಆದರೆ ಅಂಥ ವರ್ಷಗಳು ಅಪರೂಪ.

ಶಿಕ್ಷಕರೇ, ವಿದ್ಯಾರ್ಥಿಗಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಏರಿಯ ಮೇಲೆ ನಿಂತು ಕೆರೆಯನ್ನಷ್ಟೇ ನೋಡಿ ಮರಳಬೇಡಿ. ನೀರು ಬರಬೇಕಾದ ದಿಕ್ಕಿಗೆ ನಡೆದು ಹಳ್ಳ, ತೋಪು, ಕೊಳವೆಬಾವಿಗಳನ್ನು ಗುರುತು ಹಾಕಿಸಿರಿ. ಕೆರೆಯ ಆಯುಷ್ಯ ಏರಿಯ ಗಟ್ಟಿತನದಲ್ಲಷ್ಟೇ ಅಲ್ಲ, ಅದರ ಜಲಾನಯನ ಪ್ರದೇಶದಲ್ಲಿದೆ ಎಂಬುದು ಅವರಿಗೆ ಮನವರಿಕೆಯಾದೀತು.