ಘಟ್ಟ ಹತ್ತುವ ದಾರಿ

ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಈ ದಾರಿಯ ಚರಿತ್ರೆ ಬರೆದವರು ಘಾಟಿ, ಸುರಂಗ, ಸೇತುವೆಗಳ ಲೆಕ್ಕ ಕೊಡುತ್ತಾರೆ. ನಮ್ಮ ಮನೆಯ ಹೆಂಗಸರು ಇಟ್ಟ ಲೆಕ್ಕವೇ ಬೇರೆ. ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ, ನಿಂತಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ ಇದೆಯೇ ಎಂಬ ಲೆಕ್ಕ ಅದು. ಸಂಕೋಚದ ಮಾತು, ನಿಜ. ಆ ಸಂಕೋಚದಿಂದಲೇ ಇರಬೇಕು, ನಾನು ಓದಿದ ಯಾವ ಪುಸ್ತಕದಲ್ಲೂ ಅದು ಸಿಗಲಿಲ್ಲ.

ಪುತ್ತೂರಿನ ನನ್ನ ಅಜ್ಜಿ ಬೆಂಗಳೂರನ್ನು ನೋಡಲೇ ಇಲ್ಲ. ‘ಘಟ್ಟದ ಮೇಲೆ’ ಎಂದರೆ ಅವಳಿಗೆ ಬೇರೆಯೇ ದೇಶ. ಅಲ್ಲಿಂದ ಎತ್ತುಗಳು ಬರುತ್ತವೆ, ಚಳಿಜ್ವರ ಬರುತ್ತದೆ, ಅಲ್ಲಿಗೆ ಹೆಣ್ಣು ಕೊಡಬಾರದು, ಇಷ್ಟೇ ಅವಳ ಭೂಗೋಳ. ಅದರಲ್ಲಿ ತಪ್ಪೂ ಇರಲಿಲ್ಲವೆನ್ನಿ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಹೈಕೋರ್ಟೂ ಅಲ್ಲೇ, ದೊಡ್ಡ ಕಚೇರಿಗಳೂ ಅಲ್ಲೇ. 1907ರಲ್ಲಿ ಮಂಗಳೂರಿಗೆ ಬಂದ ರೈಲು ಕೇರಳದ ಕರಾವಳಿ ಹಿಡಿದು, ಪಾಲಕ್ಕಾಡಿನ ಕಣಿವೆ ದಾಟಿ ಮದರಾಸಿಗೆ ಹೋಗುತ್ತಿತ್ತು. ಬೆಂಗಳೂರಿನ ದಂಡಿಗೆ 1864ರಲ್ಲೇ ರೈಲು ಬಂದಿತ್ತು, ಅದೂ ಮದರಾಸಿನ ಕಡೆಯಿಂದ, ಜೋಲಾರಪೇಟೆಯ ಮೂಲಕ. ಎರಡು ಊರುಗಳೂ ಮದರಾಸಿಗೆ ಮುಖ ಮಾಡಿ, ಒಂದಕ್ಕೊಂದು ಬೆನ್ನು ಹಾಕಿ ಕುಳಿತಿದ್ದವು. ಹೆಂಗಸರಿಗೆ ಮದರಾಸಿನಲ್ಲೂ ಕೆಲಸವಿರಲಿಲ್ಲ, ಆ ಮಾತು ಬೇರೆ.

ರಾಜ್ಯ ಒಂದಾಯಿತು, ರಾಜಧಾನಿ ಬದಲಾಯಿತು, ದಾರಿ ಮಾತ್ರ ಹಾಗೇ ಉಳಿಯಿತು. ರೈಲಿನಲ್ಲೇ ಬೆಂಗಳೂರು ಸೇರಬೇಕೆಂದರೆ ಪಾಲಕ್ಕಾಡು, ಸೇಲಂ ಸುತ್ತಬೇಕು. 1951ರಲ್ಲಿ ಬಜಪೆಯಲ್ಲಿ ವಿಮಾನ ಇಳಿದದ್ದು ನಮ್ಮಂಥವರಿಗೆ ಅಂಗಳದಲ್ಲಿ ನಿಂತು ತಲೆಯೆತ್ತಿ ನೋಡುವುದಕ್ಕೆ. ಉಳಿದದ್ದು ಬಸ್ಸು.

ನನ್ನ ಅಮ್ಮ ಶಾಲೆಯ ಟೀಚರು. ಅವಳ ಕಡತವೊಂದು ಬೆಂಗಳೂರಿನ ಒಂದು ಕಚೇರಿಯಲ್ಲಿ ಸಿಕ್ಕಿಕೊಂಡು, ಅರವತ್ತರ ದಶಕದಲ್ಲಿ ಹಲವು ಸಲ ಘಟ್ಟ ಹತ್ತಬೇಕಾಯಿತು. ಹೊರಡುವ ದಿನ ಮಧ್ಯಾಹ್ನದ ಊಟವಾದ ಮೇಲೆ ಅವಳು ನೀರು ಮುಟ್ಟುತ್ತಿರಲಿಲ್ಲ. ಶಿರಾಡಿಯ ತಿರುವುಗಳಿಗೆಂದು ಕೈಯಲ್ಲಿ ಒಂದು ಲಿಂಬೆಹಣ್ಣು, ಜತೆಗೆ ಚಿಕ್ಕಮ್ಮ. ಮಧ್ಯರಾತ್ರಿ ಬಸ್ಸು ಹೋಟೆಲೊಂದರ ಮುಂದೆ ನಿಂತಾಗ ಗಂಡಸರೆಲ್ಲ ಇಳಿದು ಕತ್ತಲಿನ ಅಂಚಿಗೆ ಸಾಲಾಗಿ ನಿಲ್ಲುತ್ತಿದ್ದರಂತೆ. ಹೆಂಗಸರು ಸೀಟಿನಲ್ಲೇ. ತೀರಾ ತಡೆಯದಿದ್ದರೆ ಒಬ್ಬಳು ಸೆರಗು ಹರಡಿ ಮರೆ ಹಿಡಿಯಬೇಕು, ಚಿಕ್ಕಮ್ಮ ಜತೆಗಿದ್ದದ್ದು ಅದಕ್ಕೇ. ಮರಳಿ ಬಂದ ಮೇಲೆ ಅಮ್ಮನಿಗೆ ಮೂರು ದಿನ ಉರಿಮೂತ್ರ. ಅಜ್ಜಿ ಬೊಂಡದ ನೀರು ಕುಡಿಸಿ, “ಘಟ್ಟದ ಉಷ್ಣ” ಅನ್ನುತ್ತಿದ್ದಳು.

1979ರಲ್ಲಿ ಹಾಸನ–ಮಂಗಳೂರು ರೈಲು ದಾರಿ ಮುಗಿಯಿತು. ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲಕ್ಕೆ, ಅಷ್ಟು ಕಡಿದಾದ ಏರು. ಅಪ್ಪ ಈ ಲೆಕ್ಕವನ್ನೆಲ್ಲ ಬಂದವರಿಗೆ ಹೇಳುತ್ತಿದ್ದರು. ಅಮ್ಮನಿಗೆ ಅದರ ಮಹತ್ವ ಬೋಗಿಯ ಕೊನೆಯಲ್ಲಿದ್ದ ತಗಡಿನ ಬಾಗಿಲಿನಲ್ಲಿತ್ತು. ಗಾಡಿ ನಿಧಾನವೆಂದು ಊರೆಲ್ಲ ಗೊಣಗುವಾಗ ಅವಳು ಒಬ್ಬಳೇ ಹೊರಟಳು, ಚಿಕ್ಕಮ್ಮನನ್ನು ಕರೆಯಲಿಲ್ಲ. ದಾರಿಯಲ್ಲಿ ಎರಡು ಸಲ ಕಾಫಿ ಕುಡಿದೆ ಎಂದು ಬಂದು ಹೇಳಿದಳು. ಅದರಲ್ಲೇನು ವಿಶೇಷ ಎಂದು ಅಪ್ಪನಿಗೆ ಅರ್ಥವಾಗಲಿಲ್ಲ.

1996ರಲ್ಲಿ ಹಳಿ ಅಗಲ ಮಾಡಲೆಂದು ಘಾಟಿಯ ರೈಲು ನಿಂತಿತು. ಮೀಟರ್ ಗೇಜು ಬ್ರಾಡ್ ಗೇಜಾಗಿ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ನಮ್ಮೂರಿನ ಎಷ್ಟೋ ಹುಡುಗಿಯರು ಕಂಪ್ಯೂಟರಿನ ಕೆಲಸಕ್ಕೆಂದು ಬೆಂಗಳೂರು ಸೇರಿದ್ದು ಆ ವರ್ಷಗಳಲ್ಲೇ, ರಾತ್ರಿ ಬಸ್ಸಿನಲ್ಲೇ. ಅಮ್ಮನಿಗೆ ಆಗ ಅರವತ್ತು ದಾಟಿತ್ತು, ಮಂಡಿ ನೋವು. ತಮ್ಮನ ಮಗುವಿನ ನಾಮಕರಣಕ್ಕೆ ಅವಳು ಹೋಗಲಿಲ್ಲ. ಬಸ್ಸಿನಲ್ಲಿ ತಲೆ ಸುತ್ತುತ್ತದೆ ಎಂದಳು. ತಮ್ಮ ತುಂಬ ದಿನ ಬೇಸರದಲ್ಲಿದ್ದ. ಕಾರಣ ನನಗೆ ಗೊತ್ತಿತ್ತು, ಗಂಡುಮಗನಿಗೆ ಬಿಡಿಸಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಆ ರೈಲನ್ನು ನೆಚ್ಚುವುದೂ ಕಷ್ಟವೇ. 2018ರ ಆಗಸ್ಟಿನಲ್ಲಿ, 2024ರ ಜುಲೈಯಲ್ಲಿ ಗುಡ್ಡ ಜರಿದು ಗಾಡಿಗಳು ನಿಂತವು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಕೆಂಪು ಬಸ್ಸಿನಲ್ಲಿ ನಮಗೆ ಟಿಕೆಟಿನ ದುಡ್ಡಿಲ್ಲ. ರಾಜಹಂಸ, ಸ್ಲೀಪರುಗಳಿಗೆ ಅದು ಅನ್ವಯಿಸುವುದಿಲ್ಲ. ದುಡ್ಡಿಗಾಗಿ ಗಂಡನ ಮುಂದೆ ನಿಲ್ಲಬೇಕಾದ ಹೆಂಗಸಿಗೆ ಇದು ಸಣ್ಣ ಮಾತಲ್ಲ. ಪುಕ್ಕಟೆ ಎಂದು ನಗುವವರು ಒಮ್ಮೆ ಹಾಗೆ ನಿಂತು ನೋಡಲಿ.

ನನ್ನ ಮಗಳು ಮೊಬೈಲಿನಲ್ಲೇ ಸೀಟು ಕಾದಿರಿಸುತ್ತಾಳೆ. ಕಿಟಕಿ ಯಾವುದು, ಪಕ್ಕದಲ್ಲಿ ಹೆಂಗಸೇ, ಬಸ್ಸು ಎಷ್ಟು ಹೊತ್ತಿಗೆ ತಲುಪುತ್ತದೆ ಎಲ್ಲ ಅದರಲ್ಲಿ ಕಾಣುತ್ತದೆ. ಊಟಕ್ಕೆ ನಿಲ್ಲಿಸುವ ಹೋಟೆಲಿನಲ್ಲಿ ಬಾಗಿಲಿಗೆ ಚಿಲಕ ಇದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂಬುದು ಕಾಣುವುದಿಲ್ಲ. ಅದನ್ನು ಅವಳು ಹಿಂದಿನ ವಾರ ಹೋಗಿ ಬಂದ ಗೆಳತಿಗೆ ಫೋನ್ ಮಾಡಿ ಕೇಳಿಕೊಳ್ಳುತ್ತಾಳೆ.