ನಾಲ್ಕಿಂಚಿನ ಪಟ್ಟಿ

ನಮ್ಮ ಮನೆಯಂಗಳದಲ್ಲಿ ನಿಂತಿರುವ ಹಳೆಯ ಕಾರನ್ನು ನೋಡಿದವರು ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಯಾವ ವರ್ಷದ್ದು, ಲೀಟರಿಗೆ ಎಷ್ಟು ಓಡುತ್ತದೆ, ಮಾರುತ್ತೀರಾ? ಬಾನೆಟ್ಟಿನ ನಡುವೆ ಉದ್ದಕ್ಕೂ ಹಾದುಹೋಗಿರುವ ಪಟ್ಟಿ ಯಾಕಿದೆ ಎಂದು ಇಷ್ಟು ವರ್ಷಗಳಲ್ಲಿ ಯಾರೂ ಕೇಳಿದ್ದಿಲ್ಲ. ಅದು ಅಲಂಕಾರವೆಂದೇ ನಾನೂ ಬಹಳ ಕಾಲ ತಿಳಿದಿದ್ದೆ. ರಿಪೇರಿಗೆ ಇಳಿದು, ಕಾರಿನ ಚರಿತ್ರೆಯನ್ನು ಹುಡುಕಿ ಓದಿದ ಮೇಲೆ ಗೊತ್ತಾಯಿತು: ಅದು ಅಲಂಕಾರವಲ್ಲ, ಒಂದು ತಿದ್ದುಪಡಿಯ ಗುರುತು.

ಕಾರಿನ ಹೆಸರು ಮೋರಿಸ್ ಮೈನರ್. ಹುಟ್ಟಿದ್ದು ಇಂಗ್ಲೆಂಡಿನ ಆಕ್ಸ್‌ಫರ್ಡ್ ಪಕ್ಕದ ಕೌಲಿಯ ಕಾರ್ಖಾನೆಯಲ್ಲಿ. ಅದನ್ನು ರೂಪಿಸಿದ ಅಲೆಕ್ ಇಸ್ಸಿಗೋನಿಸ್ 1906ರಲ್ಲಿ ಸ್ಮಿರ್ನಾದಲ್ಲಿ, ಅಂದರೆ ಇಂದಿನ ತುರ್ಕಿಯ ಇಜ್ಮಿರ್‌ನಲ್ಲಿ ಹುಟ್ಟಿದವರು. ಗ್ರೀಕ್ ಮೂಲದ ಮನೆತನ. 1922ರಲ್ಲಿ ಯುದ್ಧದ ದೆಸೆಯಿಂದ ಊರು ಬಿಟ್ಟು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲೆ ಕಂಡರು. ಎರಡನೆಯ ಮಹಾಯುದ್ಧದ ನಡುವೆಯೇ ‘ಮಸ್ಕಿಟೊ’ ಎಂಬ ಗುಪ್ತನಾಮದಲ್ಲಿ ಈ ಕಾರಿನ ಕೆಲಸ ಆರಂಭವಾಯಿತು. ಮೊದಲ ಮಾದರಿಯ ಅಗಲ 57 ಇಂಚು. ಎಲ್ಲ ಸಿದ್ಧವಾಗುತ್ತಿರುವಾಗ, ಕಾರು ತೀರ ಸಪೂರವಾಯಿತು ಎಂದು ಇಸ್ಸಿಗೋನಿಸ್‌ಗೆ ಅನಿಸಿತು. ಮಾದರಿಯನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ಕಣ್ಣಿಗೆ ಸರಿ ಕಾಣುವವರೆಗೆ ದೂರ ಸರಿಸಿ ನೋಡಿದರು. ನಾಲ್ಕು ಇಂಚಿನಲ್ಲಿ ಅದು ಸರಿಹೋಯಿತು. ಆ ನಾಲ್ಕು ಇಂಚೇ ಬಾನೆಟ್ಟಿನ ಪಟ್ಟಿ. ಬಂಪರುಗಳು ಆಗಲೇ ತಯಾರಾಗಿದ್ದುದರಿಂದ ಅವನ್ನೂ ನಡುವೆ ಕತ್ತರಿಸಿ ತುಂಡು ಸೇರಿಸಿದರು. ಮೊದಮೊದಲಿನ ಕಾರುಗಳು ಆ ತೇಪೆಯೊಂದಿಗೇ ಮಾರಾಟವಾದವು.

ಕಂಪೆನಿಯ ಒಡೆಯರಾದ ಲಾರ್ಡ್ ನಫೀಲ್ಡ್‌ಗೆ ಈ ಕಾರು ಹಿಡಿಸಲಿಲ್ಲ. ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ ಅದನ್ನು ಹೋಲಿಸಿ ಹಳಿದರೆಂಬುದು ಪ್ರಸಿದ್ಧ ಕತೆ. ಆದರೂ 1948ರ ಅಕ್ಟೋಬರಿನಲ್ಲಿ ಲಂಡನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಅದು ಜನರ ಮುಂದೆ ಬಂತು. ಬೇರೆ ಚಾಸಿಸ್ ಇಲ್ಲದೆ ಮೈಯೇ ಭಾರ ಹೊರುವ ರಚನೆ, ಮುಂದಿನ ಚಕ್ರಗಳಿಗೆ ತಿರುಚುವ ಉಕ್ಕಿನ ಸರಳುಗಳ ಸಸ್ಪೆನ್ಷನ್, ಹಿಡಿದ ಕಡೆಗೆ ಥಟ್ಟನೆ ತಿರುಗುವ ಸ್ಟಿಯರಿಂಗ್: ಅಗ್ಗದ ಕಾರಿನಲ್ಲಿ ಇವೆಲ್ಲ ಹೊಸತು. ಎಂಜಿನ್ ಮಾತ್ರ ಹಳೆಯದು, 918 ಸಿ.ಸಿ.ಯ ಸೈಡ್ ವಾಲ್ವ್.

ಈ ಮೈನರ್ ನಮ್ಮ ದೇಶದಲ್ಲಿ ಬೇರೆ ಹೆಸರು ಪಡೆಯಿತು. 1942ರಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಮೋಟರ್ಸ್ ಕಂಪೆನಿ ಮೋರಿಸ್ ಕಾರುಗಳನ್ನು ಇಲ್ಲಿ ಜೋಡಿಸುತ್ತಿತ್ತು. 1948ರಲ್ಲಿ ಗುಜರಾತಿನ ಓಖಾ ಬಂದರಿನಿಂದ ಕಲ್ಕತ್ತದ ಬಳಿಯ ಉತ್ತರಪಾಡಕ್ಕೆ ಬಂದ ಆ ಕಂಪೆನಿ ಮೈನರನ್ನು ‘ಬೇಬಿ ಹಿಂದುಸ್ಥಾನ್’ ಎಂದು ಮಾರಿತು. ಅದೇ ಮೋರಿಸ್ ಮನೆತನದ ದೊಡ್ಡ ಕಾರು ಆಕ್ಸ್‌ಫರ್ಡ್ ಮುಂದೆ ಅಂಬಾಸಡರ್ ಆಗಿ 2014ರವರೆಗೆ ತಯಾರಾಯಿತು. ಅಂಬಾಸಡರನ್ನು ಎಲ್ಲರೂ ಬಲ್ಲರು. ಈ ಬೇಬಿಯನ್ನು ಬಲ್ಲವರು ಕಡಿಮೆ.

ನನ್ನ ಅಪ್ಪ 1955ರಲ್ಲಿ ಮಂಗಳೂರಿನಲ್ಲಿ ಒಂದು ಬೇಬಿಯನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡರು. ಆಗ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರಂದು ನಾವು ಕೇರಳದ ಮಲಬಾರ್ ಜಿಲ್ಲೆಯವರಾದೆವು. 1957ರ ಜನವರಿಯಲ್ಲಿ ಕಣ್ಣೂರಿನವರು, 1984ರ ಮೇ 24ರಂದು ಕಾಸರಗೋಡು ಜಿಲ್ಲೆಯವರು. ಕಾರು ನಮ್ಮ ಕೊಟ್ಟಿಗೆಯ ಪಕ್ಕದ ಮಾಡಿನಡಿಯಲ್ಲೇ ಇತ್ತು. ಅದರ ರಾಜ್ಯ ಒಂದು ಸಲ, ಜಿಲ್ಲೆ ಮೂರು ಸಲ ಬದಲಾಯಿತು.

ಆ ಎಂಜಿನಿಗೆ ನೀರಿನ ಪಂಪು ಇರಲಿಲ್ಲ. ಬಿಸಿಯಾದ ನೀರು ತಾನಾಗಿ ಮೇಲೇರಿ ರೇಡಿಯೇಟರಿಗೆ ಹೋಗಿ, ತಣಿದು ಕೆಳಗಿಳಿಯುವ ಏರ್ಪಾಡು. ಇಂಗ್ಲೆಂಡಿನ ಚಳಿಗೆ ಅದು ಸಾಕು. ಮಡಿಕೇರಿಯ ಏರಿಗೆ ಸಾಲದು. ಅರ್ಧ ದಾರಿಯಲ್ಲಿ ನೀರು ಕುದಿದು ಆವಿ ಎದ್ದರೆ ಅಪ್ಪ ಕಾರನ್ನು ಮರದ ನೆರಳಿಗೆ ನಿಲ್ಲಿಸಿ ವೀಳ್ಯದೆಲೆಯ ಚೀಲ ಬಿಚ್ಚುತ್ತಿದ್ದರು. ಡಬ್ಬ ಹಿಡಿದು ತೋಡಿಗೆ ಇಳಿಯುವುದು ನನ್ನ ಪಾಲಿನ ಕೆಲಸ. 1973ರ ಬಳಿಕ ಪೆಟ್ರೋಲಿನ ಬೆಲೆ ಏರಿದಾಗ ಕಾರು ನಿಂತಿತು. ಮೇಲೆ ಅಡಕೆ ಗೋಣಿ ಬಿತ್ತು, ಒಳಗೆ ಕೋಳಿ ಮೊಟ್ಟೆಯಿಟ್ಟಿತು.

ನಮ್ಮದು ಹೀಗೆ ಮಲಗುವ ಮೊದಲೇ ಇಂಗ್ಲೆಂಡಿನಲ್ಲಿ ಮೈನರಿನ ಆಯುಸ್ಸು ಮುಗಿದಿತ್ತು. 1952ರಲ್ಲಿ ಮೋರಿಸ್ ಮತ್ತು ಆಸ್ಟಿನ್ ಕಂಪೆನಿಗಳು ಒಂದಾದ ಮೇಲೆ ಅದಕ್ಕೆ ಆಸ್ಟಿನ್ನಿನ 803 ಸಿ.ಸಿ. ಎಂಜಿನ್ ಬಂತು, 1956ರಲ್ಲಿ 948, 1962ರಲ್ಲಿ 1098. 1960ರ ಡಿಸೆಂಬರಿನಲ್ಲಿ ಹತ್ತು ಲಕ್ಷದ ಗಡಿ ಮುಟ್ಟಿ, ಆ ಸಂಖ್ಯೆ ಕಂಡ ಮೊದಲ ಬ್ರಿಟಿಷ್ ಕಾರು ಎನಿಸಿತು. ಒಟ್ಟು ಸುಮಾರು 16 ಲಕ್ಷ ಕಾರುಗಳಾದ ಮೇಲೆ 1971ರಲ್ಲಿ ತಯಾರಿಕೆ ನಿಂತಿತು. ಆಮೇಲೆ ನಡೆದುದೇ ಸ್ವಾರಸ್ಯ. ಚಾರ್ಲ್ಸ್ ವೇರ್ ಎಂಬವರು 1976ರಲ್ಲಿ ಬಾತ್ ನಗರದಲ್ಲಿ ಮೈನರುಗಳಿಗೆಂದೇ ಒಂದು ಕೇಂದ್ರ ತೆರೆದರು. ಹೊಸ ಕಾರು ಕೊಂಡವನು ಬೆಲೆಯ ಇಳಿತದಲ್ಲಿ ಕಳೆದುಕೊಳ್ಳುವ ಹಣಕ್ಕಿಂತ ಕಡಿಮೆಯಲ್ಲಿ ಹಳೆಯ ಕಾರನ್ನು ವರ್ಷವರ್ಷವೂ ಸರಿಪಡಿಸುತ್ತ ಓಡಿಸಬಹುದು ಎಂಬುದು ಅವರ ವಾದ. 1982ರಲ್ಲಿ ಅದನ್ನೇ ಪುಸ್ತಕವಾಗಿಯೂ ಬರೆದರು. 1990ರ ದಶಕದಲ್ಲಿ ಮೈನರಿನ ತಗಡಿನ ಭಾಗಗಳು ಶ್ರೀಲಂಕಾದಲ್ಲಿ ತಯಾರಾಗಿ ಇಂಗ್ಲೆಂಡಿಗೆ ಹೋಗತೊಡಗಿದವು. ಒಂದು ಕಾಲದಲ್ಲಿ ಅಲ್ಲಿಂದ ಹಡಗಿನಲ್ಲಿ ಬಂದ ಕಾರಿಗೆ ತೇಪೆ ಇಲ್ಲಿಂದ ಹೋಯಿತು.

ನಾನು ಕಾರನ್ನು ಹೊರಗೆಳೆದದ್ದು 1994ರಲ್ಲಿ, ಅಪ್ಪ ತೀರಿಕೊಂಡ ಮರುವರ್ಷ. ಆಗ ವೇರ್ ಅವರ ಮಾತು ನನಗೆ ತಿಳಿದಿರಲಿಲ್ಲ. ಕಾರು ಹೊಳೆಯಬೇಕು ಎಂಬುದೊಂದೇ ಆಸೆ. ಒಂದು ವರ್ಕ್‌ಶಾಪಿಗೆ ಒಪ್ಪಿಸಿದೆ. ಎರಡು ತಿಂಗಳಲ್ಲಿ ಅದು ಮದುಮಗನಂತೆ ಮರಳಿತು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನಡಿಯ ಬಣ್ಣ ಗುಳ್ಳೆಯೆದ್ದಿತು. ಬೆರಳಿನಿಂದ ಒತ್ತಿದರೆ ಒಳಗೆ ತಗಡೇ ಇಲ್ಲ, ಬರೇ ಪುಟ್ಟಿ. ಚಾಸಿಸ್ ಇಲ್ಲದ ಕಾರಿನಲ್ಲಿ ಬಾಗಿಲಿನಡಿಯ ಆ ಪೆಟ್ಟಿಗೆಯೇ ಬೆನ್ನೆಲುಬು. ಬೆನ್ನೆಲುಬು ಕರಗಿದ ಕಾರಿನಲ್ಲಿ ನಾನು ಹೆಂಡತಿ ಮಕ್ಕಳನ್ನು ಕೂರಿಸಿ ಮಧೂರಿಗೆ ಹೋಗಿ ಬಂದಿದ್ದೆ.

ಆಗ ಸಿಕ್ಕಿದವರು ಒಬ್ಬ ಹಳೆಯ ಮೆಕ್ಯಾನಿಕ್. ಮನೆಯಲ್ಲಿ ಎಲ್ಲರೂ ಅವರನ್ನು ಇಚ್ಚ ಎಂದೇ ಕರೆಯುತ್ತಿದ್ದೆವು. ಅವರಿಗೆ ಕನ್ನಡ ಅರ್ಥವಾಗುತ್ತಿತ್ತು, ಮಾತು ಮಲಯಾಳದಲ್ಲಿ. ಬಣ್ಣವನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಕಾರಿನಡಿಗೆ ನುಸುಳಿ, ತುಕ್ಕು ಹಿಡಿದುದನ್ನೆಲ್ಲ ಹಸಿರು ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತಗಡು ಬೆಸೆದರು. ಹಸಿರು ಎಂದರೆ ಕಾರಿನ ಮೊದಲ ಬಣ್ಣ. ಅದು ಉಳಿದಲ್ಲಿ ತಗಡೂ ಉಳಿದಿತ್ತು. ಬಿಗಿದುಹೋದ ಎಂಜಿನಿನ ಪ್ಲಗ್ ತೆಗೆದು, ಸಿಲಿಂಡರಿಗೆ ಎಣ್ಣೆ ಹೊಯ್ದು ಹತ್ತು ದಿನ ಬಿಟ್ಟರು. ಹನ್ನೊಂದನೆಯ ದಿನ ಹ್ಯಾಂಡಲ್ ತಿರುಗಿತು. ಅವರಲ್ಲಿ ವಿಟ್‌ವರ್ಥ್ ಅಳತೆಯ ಸ್ಪಾನರುಗಳ ಒಂದು ಸೆಟ್ ಇತ್ತು. ಹಳೆಯ ಬ್ರಿಟಿಷ್ ನಟ್ಟುಗಳಿಗೆ ಈಗಿನ ಮಿಲಿಮೀಟರ್ ಸ್ಪಾನರ್ ಹಾಕಿದರೆ ಮೂಲೆ ಸವೆದು ನಟ್ಟು ಉರುಟಾಗುತ್ತದೆ. ಆ ಸೆಟ್ಟನ್ನು ಅವರು ಕೊನೆಗೆ ನನಗೇ ಬಿಟ್ಟುಹೋದರು.

ಅವರು ಕಲಿಸಿದ ಮುಖ್ಯ ಪಾಠ ಗ್ರೀಸಿನದು. ಮೈನರಿನ ಮುಂದಿನ ಚಕ್ರಗಳು ತಿರುಪಿನ ಹಲ್ಲಿರುವ ಸಂದುಗಳ ಮೇಲೆ ನಿಂತಿವೆ. ಗ್ರೀಸ್ ಒಣಗಿದರೆ ಹಲ್ಲು ಸವೆದು, ಒಂದು ದಿನ ಸಂದು ಕಳಚಿ ಚಕ್ರ ಕಾರಿನಡಿಗೆ ಮಡಚಿಕೊಳ್ಳುತ್ತದೆ. ಇದಕ್ಕೆ ಮದ್ದು ಸಾವಿರ ಮೈಲಿಗೊಮ್ಮೆ ಗ್ರೀಸ್ ಗನ್ನಿನ ಕೆಲವು ಒತ್ತು, ಅಷ್ಟೇ. ‘ಗ್ರೀಸ್ ಮರಕ್ಕರುದ್’ ಎಂದು ಇಚ್ಚ ಪ್ರತಿ ಸಲವೂ ಹೇಳಿ ಹೋಗುತ್ತಿದ್ದರು.

ಈಗ ಇಚ್ಚ ಇಲ್ಲ. ಕಾರಿಗೆ ಹೊಸ ಕಷ್ಟಗಳು ಬಂದಿವೆ. 2025ರ ಹೊತ್ತಿಗೆ ಪೆಟ್ರೋಲಿಗೆ ಶೇಕಡ 20ರಷ್ಟು ಎಥನಾಲ್ ಬೆರೆಸುವುದು ದೇಶದಲ್ಲೆಲ್ಲ ರೂಢಿಯಾಯಿತು. ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ. ಪೆಟ್ರೋಲಿನ ಪೈಪುಗಳನ್ನೆಲ್ಲ ಬದಲಿಸಿದೆ. ಕಳೆದ ವರ್ಷ ಅಳಿಯ ಇನ್ನೊಂದು ಸಲಹೆ ತಂದ. “ಮಾವ, ವಿಂಟೇಜ್ ರಿಜಿಸ್ಟ್ರೇಶನ್ ಮಾಡಿಸಿಬಿಡಿ. ಮರ್ಯಾದೆಯೂ ಹೌದು, ಬೆಲೆಯೂ ಬರುತ್ತದೆ.” 2021ರಲ್ಲಿ ಕೇಂದ್ರ ಸರಕಾರ ತಂದ ನಿಯಮದಂತೆ, 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೆ ಬೇರೆಯೇ ನಂಬರು ಸಿಗುತ್ತದೆ. ಆದರೆ ಒಂದು ಷರತ್ತು: ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲು ತುಂಬಿಸಲು ರಸ್ತೆಗಿಳಿಸಬಹುದು.

ಒಂದು ವಾರ ಯೋಚಿಸಿದೆ. ಅಳಿಯನ ಮಾತು ತಪ್ಪಲ್ಲ. ಆದರೆ ನಿಂತ ಇಪ್ಪತ್ತು ವರ್ಷಗಳಲ್ಲಿ ಈ ಕಾರು ಹಾಳಾದಷ್ಟು ಓಡಿದ ವರ್ಷಗಳಲ್ಲಿ ಹಾಳಾಗಿಲ್ಲ. ಓಡುವ ಕಾರಿನ ದೋಷ ಸದ್ದು ಮಾಡಿ ತಿಳಿಸುತ್ತದೆ. ನಿಂತದ್ದರ ದೋಷ ಬಣ್ಣದ ಕೆಳಗೆ ಮೌನವಾಗಿ ಬೆಳೆಯುತ್ತದೆ. ಗಡಿನಾಡಿನ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಮಾರಂಭಕ್ಕೆ ಮಾತ್ರ ಹೊರತೆಗೆಯುವ ಭಾಷೆಯ ಗತಿಯನ್ನು ನಾವು ಕೆಲವು ಮನೆಗಳಲ್ಲಿ ಕಂಡಿದ್ದೇವೆ.

ಹಳೆಯ ನಂಬರನ್ನೇ ನವೀಕರಿಸಲು ಅರ್ಜಿ ಕೊಟ್ಟೆ. ಇನ್ಸ್‌ಪೆಕ್ಟರು ಕಾರಿನ ಸುತ್ತ ಒಂದು ಸುತ್ತು ಬಂದು, ಬ್ರೇಕ್ ಪರೀಕ್ಷಿಸಿ, ಬಾನೆಟ್ಟಿನ ಮೇಲೆ ಕೈಯಿಟ್ಟು ಮಲಯಾಳದಲ್ಲಿ ಕೇಳಿದರು, ಈ ಪಟ್ಟಿ ಯಾಕೆ ಎಂದು. ಆ ಪ್ರಶ್ನೆ ಕೇಳಿದ ಮೊದಲಿಗರು ಅವರೇ. ನಾನು ಇಸ್ಸಿಗೋನಿಸ್ ಕತೆ ಹೇಳಿದೆ. ಹಿಂದೆ ನಿಂತಿದ್ದವರ ಸಾಲು ಉದ್ದವಾಗುತ್ತಿದ್ದರೂ ಅವರು ಪೂರ್ತಿ ಕೇಳಿದರು.

ಮನೆಗೆ ಬಂದವನೇ ಗ್ರೀಸ್ ಗನ್ ತೆಗೆದುಕೊಂಡೆ. ಅಳಿಯನನ್ನು ಕಾರಿನಡಿಗೆ ಕಳಿಸಿ, ಸಂದುಗಳು ಎಲ್ಲಿವೆ ಎಂದು ಒಂದೊಂದಾಗಿ ತೋರಿಸಿದೆ.