ಶಾಂತಲೆಯ ಮರಣ: ಶಾಸನ, ಕಾದಂಬರಿ, ಪಠ್ಯಪುಸ್ತಕ ಮತ್ತು ಹಾಸನ ಸೀಮೆಯ ಓದುಗರು

ಹಾಸನ ಜಿಲ್ಲೆಯು ಶಾಸನಗಳಿಂದ ಸಂಪನ್ನವಾದ ಪ್ರದೇಶ. ಬಿ.ಎಲ್. ರೈಸ್ ಅವರು ಶ್ರವಣಬೆಳಗೊಳದ ಶಾಸನಗಳನ್ನು 1889ರಲ್ಲಿ ಪ್ರತ್ಯೇಕ ಸಂಪುಟವಾಗಿ ಪ್ರಕಟಿಸಿದರು. ಹಳೇಕೋಟೆ ಹೋಬಳಿಯನ್ನೊಳಗೊಂಡ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಮೊದಲಾದ ತಾಲ್ಲೂಕುಗಳ ಶಾಸನಗಳು 1902ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ ಹೊರಬಂದವು. ಬೆಳಗೊಳದ ಸಂಪುಟವನ್ನು ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿ 1923ರಲ್ಲಿ ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಮುಂದೆ ಇವೆಲ್ಲವನ್ನೂ ಮತ್ತೆ ಪರಿಶೋಧಿಸಿತು. ಇಷ್ಟು ಆಕರ ಸಾಮಗ್ರಿ ಅಚ್ಚಿನಲ್ಲಿದ್ದರೂ ಈ ಸೀಮೆಯ ಸಾಮಾನ್ಯ ಓದುಗನು ಹೊಯ್ಸಳರ ಬಗೆಗೆ ತಿಳಿದುಕೊಂಡಿರುವುದರಲ್ಲಿ ಬಹುಪಾಲು ಈ ಸಂಪುಟಗಳಿಂದ ಬಂದುದಲ್ಲ. ಶಾಲೆಯ ಪಠ್ಯಪುಸ್ತಕ, ಗ್ರಂಥಾಲಯದಿಂದ ತಂದ ಕಾದಂಬರಿ, ಡೇರೆಯಲ್ಲಿ ನೋಡಿದ ಚಲನಚಿತ್ರ, ಇವೇ ಅವನ ಆಕರಗಳು. ಈ ಮೂರರ ನಡುವೆ ವಿರೋಧ ಬಂದಾಗ ಅವನು ಯಾವುದನ್ನು ನಂಬುತ್ತಾನೆ, ಯಾವುದನ್ನು ಅನುಮಾನಿಸುತ್ತಾನೆ ಎಂಬುದು ಇತಿಹಾಸಕಾರನು ಉಪೇಕ್ಷಿಸಬಹುದಾದ ಸಂಗತಿಯಲ್ಲ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯ ಮರಣದ ಪ್ರಸಂಗವನ್ನು ಮುಖ್ಯವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲಿಗೆ ಶಾಸನದ ಮಾತು. ಬೆಳಗೊಳದ ಚಿಕ್ಕಬೆಟ್ಟದ ಮೇಲೆ ಶಾಂತಲೆಯು 1123ರಲ್ಲಿ ಶಾಂತಿನಾಥ ತೀರ್ಥಂಕರನಿಗೆ ಬಸದಿಯನ್ನು ಕಟ್ಟಿಸಿ ಮೊಟ್ಟೆನವಿಲೆ ಎಂಬ ಗ್ರಾಮವನ್ನು ದತ್ತಿಯಾಗಿ ಬಿಟ್ಟಳು. ಆಕೆಯ ಗುರುಗಳು ಪ್ರಭಾಚಂದ್ರ ಸಿದ್ಧಾಂತದೇವರು. ಬಸದಿಗೆ ಬಂದಿರುವ ಸವತಿಗಂಧವಾರಣ ಎಂಬ ಹೆಸರು ಅರಸಿಯ ಬಿರುದೇ. ಸವತಿಯರೆಂಬವರಿಗೆ ಆಕೆ ಮದಗಜ ಎಂದರ್ಥ. ಇದೇ ಬಸದಿಗೆ ಸೇರಿದ ಮತ್ತೊಂದು ಶಾಸನವು ಶಕವರ್ಷ 1053ರ ವಿರೋಧಿಕೃತ್ ಸಂವತ್ಸರದ ಚೈತ್ರ ಶುದ್ಧ ಪಂಚಮಿ ಸೋಮವಾರದಂದು, ಅಂದರೆ ಕ್ರಿ.ಶ. 1131ರಲ್ಲಿ, ಆಕೆಯು ಶಿವಗಂಗೆಯ ತೀರ್ಥದಲ್ಲಿ ಮುಡಿಪಿದಳೆಂದು ತಿಳಿಸುತ್ತದೆ. ಶಾಂತಲೆಯ ಮರಣದ ಬಗೆಗೆ ಶಾಸನವು ಹೇಳುವುದು ಇಷ್ಟೇ. ಬೆಟ್ಟದಿಂದ ಧುಮುಕಿದ ಮಾತಿಲ್ಲ; ಪುತ್ರಸಂತಾನವಿಲ್ಲವೆಂಬ ಕೊರಗಿನ ಮಾತಿಲ್ಲ; ಸವತಿಯ ಮಾತೂ ಇಲ್ಲ.

‘ಮುಡಿಪು’ ಎಂಬ ಕ್ರಿಯಾಪದವು ಬೆಳಗೊಳದ ನಿಸಿದಿ ಶಾಸನಗಳಲ್ಲಿ ವ್ರತದಿಂದ ಪ್ರಾಣ ನೀಗಿದವರ ವಿಷಯದಲ್ಲಿ ಹೇರಳವಾಗಿ ಬಳಕೆಯಾಗಿರುವುದರಿಂದ ಶಾಂತಲೆಯದೂ ಸಲ್ಲೇಖನವೇ ಇರಬೇಕೆಂದು ಊಹಿಸುವುದಕ್ಕೆ ಅವಕಾಶವುಂಟು. ಆದರೆ ಈ ಊಹೆಯನ್ನು ಒಪ್ಪುವ ಮುನ್ನ ಅದೇ ಶಾಸನದ ಮುಂದಿನ ಭಾಗವನ್ನು ಗಮನಿಸಬೇಕು. ಮಗಳು ತೀರಿಕೊಂಡ ಮೇಲೆ ತಾಯಿ ಮಾಚಿಕಬ್ಬೆಯು ಬೆಳಗೊಳಕ್ಕೆ ಬಂದು ಸನ್ಯಸನವನ್ನು ಕೈಗೊಂಡು ಒಂದು ತಿಂಗಳ ಕಾಲ ಉಪವಾಸವಿದ್ದು ಗುರುಗಳ ಸನ್ನಿಧಿಯಲ್ಲಿ ದೇಹವನ್ನು ತ್ಯಜಿಸಿದುದನ್ನು ಅದು ವಿವರವಾಗಿ ನಿರೂಪಿಸುತ್ತದೆ. ತಾಯಿಯ ವ್ರತವನ್ನು ಅಷ್ಟು ಅಕ್ಕರೆಯಿಂದ ದಾಖಲಿಸಿದ ಶಾಸನಕವಿಯು ಪಟ್ಟದರಸಿಯೂ ವ್ರತದಿಂದಲೇ ಮುಡಿಪಿದ್ದಲ್ಲಿ ಅದನ್ನು ಹೇಳದೆ ಬಿಡುತ್ತಿದ್ದನೆ? ಜೈನಧರ್ಮದ ದೃಷ್ಟಿಯಲ್ಲಿ ಅದು ಕೀರ್ತಿಯ ವಿಷಯ. ಆದ್ದರಿಂದ ಶಾಂತಲೆಯು ತೀರ್ಥಕ್ಷೇತ್ರವೊಂದರಲ್ಲಿ ಕಾಯಿಲೆಯಿಂದಲೋ ಮತ್ತಾವುದೋ ಸಹಜ ಕಾರಣದಿಂದಲೋ ಮಡಿದಿರುವುದೇ ಹೆಚ್ಚು ಸಂಭವವೆಂದು ನನಗೆ ತೋರುತ್ತದೆ. ಶಿವಗಂಗೆಯು ಶೈವಕ್ಷೇತ್ರವೆಂಬುದರಿಂದ ಗೊಂದಲಪಡಬೇಕಾಗಿಲ್ಲ. ಆಕೆಯ ತಂದೆ ಮಾರಸಿಂಗಯ್ಯನು ಶೈವನಾಗಿದ್ದವನೇ.

ಇನ್ನು ಕಾದಂಬರಿ. ವ್ಯಾಯಾಮಾಚಾರ್ಯರೆಂದು ಹೆಸರಾಗಿದ್ದ ಕೆ.ವಿ. ಅಯ್ಯರ್ ಅವರ ‘ಶಾಂತಲಾ’ 1950ರ ದಶಕದಲ್ಲಿ ಪ್ರಕಟವಾಗಿ ಕನ್ನಡದ ಮನೆಮನೆಗಳನ್ನು ಹೊಕ್ಕಿತು. ತ್ಯಾಗಕ್ಕಾಗಿ ತನ್ನನ್ನೇ ತೆತ್ತುಕೊಳ್ಳುವ, ನಾಟ್ಯಕಲಾವಿದೆಯಾದ ಅರಸಿಯ ಚಿತ್ರವು ಓದುಗರ ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರಿತೆಂದರೆ, ಶಿವಗಂಗೆಯ ಬೆಟ್ಟದ ತುದಿಯಲ್ಲಿ ಆಕೆ ಬಿದ್ದ ಸ್ಥಳವೆಂದು ಇಂದಿಗೂ ಪ್ರವಾಸಿಗಳಿಗೆ ಒಂದು ಪ್ರಪಾತವನ್ನು ತೋರಿಸುತ್ತಾರೆ. ‘ಶಾಂತಲಾ ಡ್ರಾಪ್’ ಎಂಬ ಇಂಗ್ಲಿಷ್ ಹೆಸರೂ ಅದಕ್ಕೆ ಅಂಟಿಕೊಂಡಿದೆ. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ 1978ರಲ್ಲಿ ನಾಲ್ಕು ಭಾಗಗಳಲ್ಲಿ ಹೊರಬಂದಿತು. ಶಾಸನಗಳನ್ನು ಎದುರಿಗಿಟ್ಟುಕೊಂಡು ಬರೆದ ಈ ಬೃಹತ್ ಕೃತಿಯು ಆತ್ಮಹತ್ಯೆಯ ಕಥೆಯನ್ನು ಒಪ್ಪಲಿಲ್ಲ. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿಯು 1983ರಲ್ಲಿ ಅದಕ್ಕೆ ಸಂದಿತು. ಹೀಗಿದ್ದರೂ ಮೊದಲಿನ ಚಿತ್ರ ಅಳಿಸಿಹೋಗಲಿಲ್ಲ. ಒಂದು ಕಾದಂಬರಿಯನ್ನು ಇನ್ನೊಂದು ಕಾದಂಬರಿಯು ತಿದ್ದಹೊರಟಾಗ ಓದುಗನು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ತನಗೆ ಹಿಡಿಸಿದ್ದನ್ನು ಇರಿಸಿಕೊಳ್ಳುತ್ತಾನೆ. ಕಣ್ಣೀರು ತರಿಸಿದ ಪುಸ್ತಕ ಗೆದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪುತ್ರನಿಲ್ಲದ ಕೊರಗು ಎಂಬ ಜನಪ್ರಿಯ ಕಾರಣವನ್ನು ಕಾಲಗಣನೆಯೊಂದಿಗೆ ಹೋಲಿಸಿ ನೋಡಬಹುದು. ಲಕ್ಷ್ಮೀದೇವಿಯಲ್ಲಿ ಹುಟ್ಟಿದ ನರಸಿಂಹನ ಜನನವು 1133ರ ವೇಳೆಗೆ ಆಯಿತೆಂಬುದು ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನದಿಂದ ತಿಳಿದುಬರುತ್ತದೆ. ಆಗ ಶಾಂತಲೆ ತೀರಿಹೋಗಿ ಎರಡು ವರ್ಷಗಳಾಗಿದ್ದವು. ಸವತಿಯ ಮಗನನ್ನು ಕಂಡು ನೊಂದಳೆಂಬ ಕಥೆಗೆ ಇಲ್ಲಿ ಆಧಾರವಿಲ್ಲ.

ಪಠ್ಯಪುಸ್ತಕಗಳದು ಬೇರೆ ಬಗೆಯ ತೊಡಕು. ಅವು ಸುಳ್ಳು ಹೇಳುವುದಕ್ಕಿಂತ ಹೆಚ್ಚಾಗಿ ಸಂಕ್ಷೇಪಿಸುತ್ತವೆ. ಬಿಟ್ಟಿದೇವನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನಾದನೆಂಬ ಒಂದು ವಾಕ್ಯವನ್ನು ಹಲವು ತಲೆಮಾರಿನ ವಿದ್ಯಾರ್ಥಿಗಳು ಬಾಯಿಪಾಠ ಮಾಡಿದ್ದಾರೆ. 1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತೆಂಬುದೂ ಅದರ ಜೊತೆಗೆ ಬರುತ್ತದೆ. ಆದರೆ ಅದರ ಆರು ವರ್ಷಗಳ ಅನಂತರ ಪಟ್ಟದರಸಿ ಬಸದಿ ಕಟ್ಟಿಸಿದಳು. ದಂಡನಾಯಕ ಗಂಗರಾಜನು ಕೊನೆಯವರೆಗೂ ಜೈನನಾಗಿಯೇ ಇದ್ದನು. ಗಂಗರಾಜನ ಮಗ ಬೊಪ್ಪನು ಕಟ್ಟಿಸಿದ ಬಸದಿಯ ಪ್ರಸಾದವನ್ನು 1133ರಲ್ಲಿ ಅರಸನೇ ಸ್ವೀಕರಿಸಿ ಆ ಜಿನನಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟನು. ಈ ಮೂರು ಸಂಗತಿಗಳಿಗೆ ಆ ಒಂದು ವಾಕ್ಯದಲ್ಲಿ ಎಡೆಯಿಲ್ಲ. ಚಿಕ್ಕಬೆಟ್ಟವನ್ನು ಹತ್ತಿ ನೋಡಿದ ಚುರುಕಾದ ಹುಡುಗನೊಬ್ಬನು, ಅರಸ ಮತವನ್ನು ಬಿಟ್ಟ ಮೇಲೂ ಅರಸಿ ಬಸದಿ ಕಟ್ಟಿಸಿದ್ದು ಹೇಗೆಂದು ಕೇಳಿದರೆ ಪಠ್ಯಪುಸ್ತಕವನ್ನಷ್ಟೇ ನೆಚ್ಚಿದ ಉಪಾಧ್ಯಾಯರು ತಡವರಿಸಬೇಕಾಗುತ್ತದೆ.

ಜಕಣಾಚಾರಿಯ ಕಥೆಯನ್ನೂ ಇಲ್ಲಿಯೇ ಸ್ಮರಿಸಬಹುದು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಶಿಲೆಯಲ್ಲಿ ಮಗನು ದೋಷವನ್ನು ತೋರಿಸಿದನೆಂಬ ಐತಿಹ್ಯವನ್ನು 1964ರ ‘ಅಮರಶಿಲ್ಪಿ ಜಕಣಾಚಾರಿ’ ಚಲನಚಿತ್ರವು ಬಣ್ಣದಲ್ಲಿ ತೋರಿಸಿ ಇತಿಹಾಸದಷ್ಟೇ ಗಟ್ಟಿಮಾಡಿತು. ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರವು. ವಿಗ್ರಹದ ಪೀಠದ ಬರಹವಾದರೋ ಅದನ್ನು ಮಾಡಿಸಿದವಳು ಶಾಂತಲೆಯೆಂದು ಹೇಳುತ್ತದೆ. ಜೈನಳಾದ ಅರಸಿಯೊಬ್ಬಳು ಕೇಶವನ ಮೂರ್ತಿಯನ್ನು ಮಾಡಿಸಿದಳೆಂಬುದು ಕಪ್ಪೆಯ ಕಥೆಗಿಂತ ಎಷ್ಟೋ ಹೆಚ್ಚು ಸ್ವಾರಸ್ಯವಾದದ್ದು. ಆದರೆ ಗರ್ಭಗುಡಿಯ ಮುಂದೆ ನಿಂತವರು ಹುಡುಕುವುದು ಕಪ್ಪೆಯನ್ನೇ.

ಈ ಸೀಮೆಯ ಓದುಗರ ಭಿನ್ನಾಭಿಪ್ರಾಯಗಳು ಅತ್ಯಂತ ತೀವ್ರವಾಗಿ ಪ್ರಕಟವಾದುದು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರ ‘ಆವರಣ’ 2007ರಲ್ಲಿ ಪ್ರಕಟವಾದಾಗ. ಹೊಯ್ಸಳರಿಗೆ ಸಂಬಂಧಿಸದಿದ್ದರೂ ಈ ಕೃತಿಯು ನಮ್ಮ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ. ದೆಹಲಿಯ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮಂಡಲಿಯಲ್ಲಿದ್ದಾಗ ಪಠ್ಯಪುಸ್ತಕಗಳಲ್ಲಿ ಇತಿಹಾಸವನ್ನು ಹೇಗೆ ಹೇಳಬೇಕೆಂಬುದರ ಬಗೆಗೆ ತಮಗೆ ಭಿನ್ನಮತವುಂಟಾಯಿತೆಂದು ಭೈರಪ್ಪನವರು ಹೇಳಿಕೊಂಡಿದ್ದಾರೆ. ಪಠ್ಯದಲ್ಲಿ ಬಾರದಿದ್ದುದನ್ನು ಕಾದಂಬರಿಯಲ್ಲಿ ತರುವ ಹಟ ಆ ಕೃತಿಯಲ್ಲಿ ಎದ್ದು ಕಾಣುತ್ತದೆ. ಆಕರಗ್ರಂಥಗಳ ಪಟ್ಟಿಯನ್ನೇ ಕಥೆಯೊಳಗೆ ಸೇರಿಸಲಾಗಿದೆ. ಅದನ್ನು ಸತ್ಯಸಂಶೋಧನೆಯೆಂದು ಕೊಂಡಾಡಿದವರು ಎಷ್ಟೋ ಮಂದಿ. ಯು.ಆರ್. ಅನಂತಮೂರ್ತಿಯವರು ಅದನ್ನು ಕಟುವಾಗಿ ವಿಮರ್ಶಿಸಿದರು. ಪುಸ್ತಕಗಳ ಪಟ್ಟಿ ಮಾತ್ರದಿಂದ ಕಾದಂಬರಿಯು ಇತಿಹಾಸವಾಗುವುದಿಲ್ಲ. ಆಕರವನ್ನು ಆಯ್ದ ಕ್ರಮಕ್ಕೆ ಉತ್ತರ ಹೇಳಬೇಕಾದ ಹೊಣೆ ಕಾದಂಬರಿಯ ಪಾತ್ರಕ್ಕಿಲ್ಲ, ಇತಿಹಾಸಕಾರನಿಗಿದೆ. ಆದರೆ ಅಷ್ಟೊಂದು ಓದುಗರು ಆ ಪಟ್ಟಿಯನ್ನು ಕಂಡು ಹಿಗ್ಗಿದುದೇಕೆ ಎಂಬ ಪ್ರಶ್ನೆಯನ್ನು ವಿಮರ್ಶಕರು ಸಾಕಷ್ಟು ಕೇಳಿಕೊಳ್ಳಲಿಲ್ಲ. ಶಾಲೆಯಲ್ಲಿ ಓದಿದ ಇತಿಹಾಸಕ್ಕೆ ಆಧಾರಗಳಿರುತ್ತವೆಂಬುದನ್ನೇ ಅವರಲ್ಲಿ ಹಲವರು ಅಲ್ಲಿ ಮೊದಲ ಬಾರಿಗೆ ಕಂಡಿರಬೇಕು. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ನಿಧನರಾದಾಗಲೂ ಈ ವಾದ ತಣಿದಿರಲಿಲ್ಲ.

ಪಠ್ಯಪುಸ್ತಕಗಳ ಮೇಲಿನ ವಿಶ್ವಾಸವು ಈಚಿನ ವರ್ಷಗಳಲ್ಲಿ ಇನ್ನಷ್ಟು ಶಿಥಿಲವಾಗಿದೆ. ಬರಗೂರು ರಾಮಚಂದ್ರಪ್ಪನವರ ನೇತೃತ್ವದ ಸಮಿತಿಯು ಸಿದ್ಧಪಡಿಸಿದ ಪುಸ್ತಕಗಳನ್ನು ರೋಹಿತ್ ಚಕ್ರತೀರ್ಥರ ಸಮಿತಿಯು ಪರಿಷ್ಕರಿಸಿದಾಗ 2022ರಲ್ಲಿ ರಾಜ್ಯದಾದ್ಯಂತ ವಿವಾದವೆದ್ದಿತು. ದೇವನೂರ ಮಹಾದೇವ ಅವರು ತಮ್ಮ ಬರಹವನ್ನು ಬಳಸಿಕೊಳ್ಳಲು ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆದರು. ಸರ್ಕಾರ ಬದಲಾದ ಮೇಲೆ 2023ರಲ್ಲಿ ಕೆಲವು ಪಾಠಗಳು ಮತ್ತೆ ಬದಲಾದವು. ಎರಡು ವರ್ಷಗಳ ಅಂತರದಲ್ಲಿ ಅಣ್ಣನೊಂದು ಇತಿಹಾಸವನ್ನೂ ತಮ್ಮನೊಂದು ಇತಿಹಾಸವನ್ನೂ ಓದಿದ ಮನೆಗಳು ಹೊಳೆನರಸೀಪುರದಂತಹ ಊರುಗಳಲ್ಲಿ ಇರದಿರಲಾರವು. ಅಂತಹ ಮನೆಯ ಹಿರಿಯರು ಪಠ್ಯಪುಸ್ತಕವನ್ನು ಬದಿಗಿಟ್ಟು ಕಾದಂಬರಿಯನ್ನು ನಂಬಿದರೆ ತಪ್ಪು ಅವರದೊಬ್ಬರದೇ ಎನ್ನಲಾಗದು.

ಶಾಂತಲೆಯ ಶಾಸನದ ಪಠ್ಯವನ್ನು ಶಬ್ದಾರ್ಥಸಹಿತವಾಗಿ ಎರಡು ಪುಟಗಳಲ್ಲಿ ಪ್ರೌಢಶಾಲೆಯ ಪುಸ್ತಕಕ್ಕೆ ಸೇರಿಸುವುದು ಅಸಾಧ್ಯವಾದ ಕಾರ್ಯವೇನಲ್ಲ. ಹಾಗೆ ಸೇರಿಸಿದಲ್ಲಿ ಓದುವವರು ಮೊದಲು ಗಮನಿಸುವುದು ಬಹುಶಃ ಮಾಚಿಕಬ್ಬೆಯನ್ನು. ಮಗಳ ಮರಣಕ್ಕೆ ಕೆಲವೇ ಮಾತುಗಳು ಸಂದಿರುವಲ್ಲಿ ತಾಯಿಯ ಆ ಒಂದು ತಿಂಗಳಿಗೆ ಶಾಸನಕವಿಯು ಪದ್ಯಗಳನ್ನೇ ಮೀಸಲಿಟ್ಟಿದ್ದಾನೆ.